ಸಿಎನ್‌ಸಿ ಮಷಿನ್‌ಗೆ ಬಾಳಿಕೆ ಬರೋ ಸ್ಪೇರ್ ಪಾರ್ಟ್ ಆರಿಸೋದು ಹೇಗೆ? ಅಂಗಡಿಗೆ ಹೋಗೋ ಮುಂಚೆ ಒಮ್ಮೆ ಓದಿ

"ಸರ್ ಹೋದ ವರ್ಷ ತಾನೆ ಬೇರಿಂಗ್ ಹಾಕ್ಸಿದ್ವಿ, ಮತ್ತೆ ಸೌಂಡ್ ಬರ್ತಿದೆ, ಯಾವ ಕಂಪನಿದು ಹಾಕಿದ್ರೆ ಬಾಳಿಕೆ ಬರತ್ತೆ?" ವಾರಕ್ಕೆ ಒಬ್ರಾದ್ರೂ ಈ ಪ್ರಶ್ನೆ ಕೇಳ್ತಾರೆ. ಪೀಣ್ಯದಿಂದ ಕೇಳ್ತಾರೆ, ಬೊಮ್ಮಸಂದ್ರದಿಂದ ಕೇಳ್ತಾರೆ, ಬೆಳಗಾವಿ ಹುಬ್ಬಳ್ಳಿ ಕಡೆಯಿಂದಾನೂ ಕೇಳ್ತಾರೆ. ಪ್ರತಿ ಸಲ ಫೋನಲ್ಲಿ ಅರ್ಧ ಗಂಟೆ ಹೇಳೋ ಬದಲು ಒಂದೇ ಸಲ ಬರೆದು ಇಡೋಣ ಅಂತ ಕೂತಿದ್ದೀನಿ. ಎರಡು ಮೂರು ವಿಎಂಸಿ (ಕಂಪ್ಯೂಟರ್ ಕಂಟ್ರೋಲಲ್ಲಿ ಓಡೋ ಮಿಲ್ಲಿಂಗ್ ಮಷಿನ್), ಒಂದೆರಡು ಟರ್ನಿಂಗ್ ಸೆಂಟರ್ (ಅದೇ ಥರದ ಲೇಥ್) ಇಟ್ಕೊಂಡು ಜಾಬ್ ವರ್ಕ್ ಮಾಡೋರನ್ನ ಮನಸ್ಸಲ್ಲಿ ಇಟ್ಕೊಂಡು ಬರೀತಿದ್ದೀನಿ. ದೊಡ್ಡ ಫ್ಯಾಕ್ಟರಿಯವರಿಗೆ ಮೇಂಟೆನೆನ್ಸ್ ಡಿಪಾರ್ಟ್‌ಮೆಂಟೇ ಇರತ್ತೆ, ಅವರಿಗೆ ಇದು ಬೇಡ.

ಮೊದಲೇ ಒಂದು ಮಾತು. ಯಾವ ಕಂಪನಿ ಅನ್ನೋದು ಮೂರನೇ ಪ್ರಶ್ನೆ. ಹಳೇದು ಯಾಕೆ ಹೋಯ್ತು ಅನ್ನೋದು ಮೊದಲನೇದು, ಹಳೇದರ ಪೂರ್ತಿ ನಂಬರ್ ಏನು ಅನ್ನೋದು ಎರಡನೇದು. ಈ ಎರಡಕ್ಕೆ ಉತ್ತರ ಇಲ್ದೆ ಜಪಾನ್‌ದು ತಂದು ಹಾಕಿದ್ರೂ ಅಷ್ಟೇ, ಜರ್ಮನಿದು ಹಾಕಿದ್ರೂ ಅಷ್ಟೇ.

ಶುರು ಮಾಡೋ ಮುಂಚೆ ಕೈಗೆ ಸಿಗೋ ಹಾಗೆ ಇಟ್ಕೊಳ್ಳಿ: ಮಷಿನ್ ಮ್ಯಾನ್ಯುಯಲ್ ಅಥವಾ ಪಾರ್ಟ್ಸ್ ಲಿಸ್ಟ್, ಮ್ಯಾಗ್ನೆಟ್ ಸ್ಟ್ಯಾಂಡ್ ಜೊತೆ ಒಂದು ಮೈಕ್ರಾನ್ (ಎಂಎಂನ ಸಾವಿರದಲ್ಲೊಂದು ಭಾಗ) ತೋರಿಸೋ ಲಿವರ್ ಡಯಲ್, ವರ್ನಿಯರ್, ಟಾರ್ಚ್, ಮೊಬೈಲ್ ಕ್ಯಾಮೆರಾ. ಬಿಚ್ಚುವಾಗ ಪ್ರತಿ ಹಂತದಲ್ಲೂ ಫೋಟೋ ತೆಗೀರಿ. ನೆನಪಿರತ್ತೆ ಅಂದ್ಕೊಂಡಿದ್ದು ಯಾವುದೂ ಮೂರನೇ ದಿನಕ್ಕೆ ನೆನಪಿರಲ್ಲ.

1. ಹಳೇ ಪಾರ್ಟ್‌ನ ಗುಜರಿಗೆ ಹಾಕ್ಬೇಡಿ, ಮೊದಲು ಅದನ್ನ ಓದಿ

ಇದೇ ಎಲ್ಲಕ್ಕಿಂತ ಮುಖ್ಯವಾದ ಕೆಲಸ, ಆದ್ರೆ ಯಾರೂ ಮಾಡಲ್ಲ. ಬೇರಿಂಗ್ ಹೋಯ್ತಾ, ತೆಗೆದು ಬಿಸಾಕಿ ಹೊಸದು ಹಾಕೋದು, ಆರು ತಿಂಗಳಿಗೆ ಅದೂ ಹೋಗೋದು, ಆಮೇಲೆ ಕಂಪನಿಗೆ ಬೈಯೋದು.

ಹಳೇ ಬೇರಿಂಗ್ ಬಿಚ್ಚಿ, ಡೀಸೆಲಲ್ಲಿ ತೊಳೆದು, ಬಾಲ್ ಓಡಾಡೋ ದಾರಿ ಇರತ್ತಲ್ಲ ಅದನ್ನ ಟಾರ್ಚ್ ಹಾಕಿ ನೋಡಿ. ನೀಲಿ ಅಥವಾ ಕಂದು ಬಣ್ಣಕ್ಕೆ ತಿರುಗಿದ್ರೆ ಬಿಸಿ ಜಾಸ್ತಿ ಆಗಿದೆ, ಅಂದ್ರೆ ಗ್ರೀಸ್ ಒಣಗಿದೆ ಅಥವಾ ಪ್ರೀಲೋಡ್ ಹೆಚ್ಚಾಗಿದೆ (ಪ್ರೀಲೋಡ್ ಅಂದ್ರೆ ಒಳಗೆ ಸ್ವಲ್ಪಾನೂ ಆಟ ಇರಬಾರದು ಅಂತ ಮೊದಲೇ ಬಿಗಿ ಕೊಟ್ಟು ಇಡೋದು). ಬಾಲ್ ಎಷ್ಟು ದೂರ ದೂರ ಇದ್ಯೋ ಅಷ್ಟೇ ಅಂತರದಲ್ಲಿ ಸಣ್ಣ ಸಣ್ಣ ಗುಳಿ ಬಿದ್ದಿದ್ರೆ ಹೊಡೆತ ಬಿದ್ದಿದೆ, ಆಪರೇಟರ್ ಕ್ರ್ಯಾಶ್ ಮಾಡಿ ಸುಮ್ನಿದ್ದಾನೆ ಅಥವಾ ಕೂರಿಸುವಾಗಲೇ ಯಾರೋ ಸುತ್ತಿಗೆ ಏಟು ಕೊಟ್ಟಿದ್ದಾರೆ. ಮೇಲಿಂದ ಕೆಳಗೆ ಒತ್ತೊತ್ತಾಗಿ ಗೆರೆ ಗೆರೆ ಬಂದಿದ್ರೆ ಬೇರಿಂಗ್ ಒಳಗಿಂದ ಕರೆಂಟ್ ಹರೀತಿದೆ, ಡ್ರೈವಿಂದ (ಮೋಟರ್ ವೇಗ ಕಂಟ್ರೋಲ್ ಮಾಡೋ ಎಲೆಕ್ಟ್ರಾನಿಕ್ ಯೂನಿಟ್) ಓಡೋ ಮೋಟರ್‌ಗಳಲ್ಲಿ ಇದನ್ನ ನೋಡ್ತೀರ, ಮೊದಲು ಅರ್ಥಿಂಗ್ ಚೆಕ್ ಮಾಡ್ಸಿ. ತುಕ್ಕು ಅಥವಾ ಮಬ್ಬು ಮಬ್ಬಾಗಿದ್ರೆ ಕೂಲೆಂಟ್ ಒಳಗೆ ಹೋಗಿದೆ, ಸೀಲ್ ಸರಿ ಇಲ್ಲ. ಒಂದೇ ಕಡೆ ಓರೆಯಾಗಿ ಸವೆದಿದ್ರೆ ಅಲೈನ್‌ಮೆಂಟ್ ತಪ್ಪಿದೆ.

ಇದ್ಯಾವುದೂ ಇಲ್ದೆ ದಾರಿ ಪೂರ್ತಿ ಒಂದೇ ಸಮ ಸವೆದು, ಅಲ್ಲಲ್ಲಿ ಸಿಪ್ಪೆ ಎದ್ದಿದ್ರೆ ಮಾತ್ರ ಅದು ಆಯಸ್ಸು ಮುಗಿದು ಹೋಗಿರೋದು. ಅಂಥ ಬೇರಿಂಗ್ ಕೈಗೆ ಸಿಕ್ರೆ ಖುಷಿ ಪಡಿ, ಅದೇ ನಂಬರ್ ತಂದು ಹಾಕಿ. ಉಳಿದ ಎಲ್ಲಾ ಕೇಸಲ್ಲೂ ಕಾರಣ ಸರಿ ಮಾಡ್ದೆ ಹೊಸದು ಹಾಕೋದು ದುಡ್ಡು ದಂಡ.

ಬಾಲ್ ಸ್ಕ್ರೂ (ಆಕ್ಸಿಸ್‌ನ ಹಿಂದೆ ಮುಂದೆ ಓಡಿಸೋ ಸ್ಕ್ರೂ), ಎಲ್‌ಎಂ ಗೈಡ್‌ಗೂ (ಆಕ್ಸಿಸ್ ಜಾರೋ ರೈಲ್, ಅದರ ಮೇಲೆ ಓಡೋ ಬ್ಲಾಕ್) ಇದೇ ಲೆಕ್ಕ. ರೈಲ್ ಮೇಲೆ ಬೆರಳಿಟ್ಟು ಸವರಿ, ಒಣಗಿದ್ರೆ ಆ ಬ್ಲಾಕ್‌ಗೆ ಲ್ಯೂಬ್ ಹೋಗ್ತಾ ಇಲ್ಲ. ಆಯುಧ ಪೂಜೆ ದಿನ ಮಷಿನ್‌ಗೆ ಹಾರ ಹಾಕಿ ಕುಂಬಳಕಾಯಿ ಒಡೀತೀವಿ, ಲ್ಯೂಬ್ ಟ್ಯಾಂಕ್ ಮುಚ್ಚಳ ಮಾತ್ರ ತೆಗೆದು ನೋಡಲ್ಲ.

2. ನಂಬರ್ ಪೂರ್ತಿ ಬರ್ಕೊಳ್ಳಿ, ಬಾಲಾನೂ ಸೇರಿಸಿ

ಸೈಜ್ ಮ್ಯಾಚ್ ಆದ್ರೆ ಆಯ್ತು ಅನ್ನೋದು ಅತಿ ದೊಡ್ಡ ತಪ್ಪು. ನಂಬರ್‌ನ ಮುಂದಿನ ಭಾಗ ಸೈಜ್ ಹೇಳತ್ತೆ, ಬಾಲದಲ್ಲಿರೋ ಅಕ್ಷರಗಳು ಅದು ಯಾವ ಕೆಲಸಕ್ಕೆ ಅಂತ ಹೇಳತ್ತೆ.

ಸ್ಪಿಂಡಲ್ (ಟೂಲ್ ಅಥವಾ ಜಾಬ್ ಹಿಡಿದು ತಿರುಗೋ ಶಾಫ್ಟ್) ಬೇರಿಂಗ್ ಒಂದು ತಗೊಳ್ಳಿ, 7014 ಸಿ ಡಿಬಿ ಪಿ4 ಅಂತಿದೆ ಅಂದ್ಕೊಳ್ಳಿ. ಕೊನೇ ಎರಡಂಕಿ 14ನ್ನ 5ರಿಂದ ಗುಣಿಸಿದ್ರೆ 70, ಅಂದ್ರೆ ಒಳಗಿನ ವ್ಯಾಸ 70 ಎಂಎಂ (04 ಇಂದ ಮೇಲಕ್ಕೆ ಈ ಲೆಕ್ಕ ನಡೆಯತ್ತೆ). ಸಿ ಅಂದ್ರೆ ಬಾಲ್ ಒರಗೋ ಕೋನ 15 ಡಿಗ್ರಿ. ಡಿಬಿ ಅಂದ್ರೆ ಎರಡು ಬೇರಿಂಗ್ ಬೆನ್ನಿಗೆ ಬೆನ್ನು ಕೊಟ್ಟು ಕೂರೋ ಜೋಡಿ, ಡಿಎಫ್ ಅಂದ್ರೆ ಮುಖಾಮುಖಿ, ಡಿಟಿ ಅಂದ್ರೆ ಎರಡೂ ಒಂದೇ ದಿಕ್ಕಿಗೆ. ಪಿ4 ಅನ್ನೋದು ನಿಖರತೆಯ ದರ್ಜೆ, ಅಂಕಿ ಕಡಿಮೆ ಆದಷ್ಟೂ ನಿಖರತೆ ಹೆಚ್ಚು. ಕೆಲವರು ಎಬೆಕ್ 7 ಅಂತಾರಲ್ಲ, ಅದು ಹೆಚ್ಚು ಕಡಿಮೆ ಇದೇ ಪಿ4. ಇದರಲ್ಲಿ ಒಂದು ಅಕ್ಷರ ಬಿಟ್ಟು ಅಂಗಡಿಯವರಿಗೆ "7014 ಕೊಡಿ" ಅಂದ್ರೆ ಅವರು ಕೊಡ್ತಾರೆ, ಕೂರತ್ತೆ, ತಿರುಗತ್ತೆ, 6000 ಆರ್‌ಪಿಎಂ ದಾಟಿದ ಮೇಲೆ ಬಿಸಿ ಆಗೋಕೆ ಶುರು ಆಗತ್ತೆ.

ಇನ್ನೊಂದು, ಕೋಡ್ ಕಂಪನಿಯಿಂದ ಕಂಪನಿಗೆ ಬೇರೆ. ಎನ್‌ಎಸ್‌ಕೆಯಲ್ಲಿ ಸಿ ಅಂತ ಇರೋ 15 ಡಿಗ್ರಿ, ಎಸ್‌ಕೆಎಫ್‌ನ ಸ್ಪಿಂಡಲ್ ಬೇರಿಂಗಲ್ಲಿ ಸಿಡಿ ಅಂತ ಇರತ್ತೆ, ಎಸಿಡಿ ಅಂದ್ರೆ 25 ಡಿಗ್ರಿ. ಬ್ರ್ಯಾಂಡ್ ಬದಲಾಯಿಸೋದಾದ್ರೆ ಎರಡೂ ಕಂಪನಿ ಕ್ಯಾಟಲಾಗ್ ಪಕ್ಕ ಪಕ್ಕ ಇಟ್ಕೊಂಡು ನೋಡ್ಬೇಕು.

ನಮ್ಮ ಶಾಪಲ್ಲೇ ಆಗಿದ್ದು ಒಂದು ಹೇಳ್ತೀನಿ. ಎಕ್ಸ್ ಆಕ್ಸಿಸ್ ಬಾಲ್ ಸ್ಕ್ರೂ ತುದಿಯಲ್ಲಿ 30 ಟಿಎಸಿ 62 ಬಿ ಅನ್ನೋ ಬೇರಿಂಗ್ ಇತ್ತು, ಒಳಗೆ 30, ಹೊರಗೆ 62, ಅಗಲ 15. ಅರ್ಜೆಂಟಿಗೆ ಸಿಗ್ಲಿಲ್ಲ. 7206 ಬೇರಿಂಗೂ 30, 62, ಅಗಲ ಮಾತ್ರ 16. ಸ್ಪೇಸರ್‌ನ ಒಂದು ಎಂಎಂ ಗ್ರೈಂಡ್ ಮಾಡಿ ಕೂರಿಸ್ಬಿಟ್ವಿ, ಜಾಣತನ ಮಾಡಿದ್ವಿ ಅಂದ್ಕೊಂಡ್ವಿ. ತಿಂಗಳು ಕಳೆಯೋದ್ರೊಳಗೆ ಜಾಬ್‌ನ ಬೋರ್ ಸೈಜ್ ಆಟ ಆಡೋಕೆ ಶುರು ಮಾಡ್ತು. ಟಿಎಸಿ ಬೇರಿಂಗ್‌ನ ಕೋನ 60 ಡಿಗ್ರಿ, ಸ್ಕ್ರೂ ಉದ್ದಕ್ಕೆ ಬರೋ ಒತ್ತಡ ತಡೆಯೋಕೇ ಮಾಡಿರೋದು. 7206 ಆ ಕೆಲಸಕ್ಕೆ ಹುಟ್ಟಿದ್ದೇ ಅಲ್ಲ. ಬೇರಿಂಗ್ ದುಡ್ಡು ಹೋಗಿದ್ದಲ್ದೆ ರಿಜೆಕ್ಷನ್ ಬೇರೆ.

3. ಎಲ್ಲಿ ದುಡ್ಡು ಸುರೀಬೇಕು, ಎಲ್ಲಿ ಬೇಡ

ಎಲ್ಲಾ ಪಾರ್ಟೂ ಮಷಿನ್ ಕಂಪನಿಯಿಂದಲೇ ತಗೋಬೇಕು ಅಂತ ನಾನು ಹೇಳಲ್ಲ. ಮಷಿನ್ ಕಂಪನಿಯವರೂ ಬೇರಿಂಗ್, ಗೈಡ್, ಸೆನ್ಸರ್ ಹೊರಗಡೆಯಿಂದಲೇ ತಗೊಂಡು ಹಾಕಿರ್ತಾರೆ, ಅದೇ ಮಾಲು ಆ ಕಂಪನಿ ಡೀಲರ್ ಹತ್ರ ಕಡಿಮೆಗೆ ಸಿಗಬಹುದು.

ಲೆಕ್ಕ ಹಾಕೋದು ಹೀಗೆ. ನಿಮ್ಮ ಮಷಿನ್ ಗಂಟೆ ರೇಟ್ 500 ರೂಪಾಯಿ ಅಂತಿಟ್ಕೊಳ್ಳಿ, ಎರಡು ಶಿಫ್ಟ್ ಅಂದ್ರೆ 16 ಗಂಟೆ, ದಿನಕ್ಕೆ 8,000. ಒಂದು ಪಾರ್ಟ್ ಬದಲಾಯಿಸೋಕೆ ಮೂರು ದಿನ ಮಷಿನ್ ನಿಲ್ಲಬೇಕು ಅಂದ್ರೆ 24,000 ಆಗ್ಲೇ ಹೋಯ್ತು, ಫಿಟ್ಟರ್ ಚಾರ್ಜ್ ಬೇರೆ. ಅಂಥ ಜಾಗದಲ್ಲಿ ಪಾರ್ಟ್ ಮೇಲೆ ಐದು ಸಾವಿರ ಉಳಿಸೋದು ಉಳಿತಾಯ ಅಲ್ಲ. ಸ್ಪಿಂಡಲ್ ಬೇರಿಂಗ್, ಬಾಲ್ ಸ್ಕ್ರೂ, ಸ್ಕ್ರೂ ತುದಿ ಬೇರಿಂಗ್, ಎಲ್‌ಎಂ ಗೈಡ್, ಎನ್‌ಕೋಡರ್ (ಆಕ್ಸಿಸ್ ಎಲ್ಲಿದೆ ಅಂತ ಕಂಟ್ರೋಲ್‌ಗೆ ಹೇಳೋ ಸೆನ್ಸರ್) ಇವು ಈ ಗುಂಪು. ಹತ್ತು ನಿಮಿಷದಲ್ಲಿ ಬದಲಾಯಿಸಬಹುದಾದ ರಿಲೇ, ಕೂಲೆಂಟ್ ಪೈಪ್, ಲೈಟು, ಫಿಲ್ಟರು ಇವುಗಳಿಗೆ ಲೋಕಲ್ಲಾಗಿ ಸಿಗೋ ಒಳ್ಳೇ ಬ್ರ್ಯಾಂಡ್ ಸಾಕು.

ಒಂದು ವಿನಾಯ್ತಿ ಇದೆ, ವೈಪರ್. ಸ್ಲೈಡ್ ಮೇಲಿನ ಚಿಪ್ಸ್ ಒರೆಸೋ ರಬ್ಬರ್ ಪಟ್ಟಿ. ಪಾರ್ಟ್ ಚಿಕ್ಕದು, ಬೆಲೆ ಕಡಿಮೆ, ಆದ್ರೆ ಅದು ಹರಿದ್ರೆ ಒಳಗಿರೋ ಲಕ್ಷ ರೂಪಾಯಿ ಗೈಡ್‌ವೇ ಹೋಗತ್ತೆ. ಅಲ್ಲಿ ಜಿಪುಣತನ ಬೇಡ.

4. ಪಾರ್ಟ್ ಪ್ರಕಾರ ನೋಡೋದು ಏನು

ಸ್ಪಿಂಡಲ್ ಬೇರಿಂಗ್: ಸೆಟ್ ಪೂರ್ತಿ ಬದಲಾಯಿಸಿ, ಒಂದು ಹೋಗಿದೆ ಅಂತ ಒಂದೇ ಹಾಕ್ಬೇಡಿ. ಜೋಡಿ ಬೇರಿಂಗ್‌ಗಳನ್ನ ಫ್ಯಾಕ್ಟರಿಯಲ್ಲೇ ಒಂದಕ್ಕೊಂದು ಹೊಂದಿಸಿ ಗ್ರೈಂಡ್ ಮಾಡಿರ್ತಾರೆ, ಹೊರಗಡೆ ವಿ ಆಕಾರದ ಗುರುತು ಹಾಕಿರ್ತಾರೆ, ಕೂರಿಸುವಾಗ ಆ ವಿ ಪೂರ್ತಿಯಾಗಿ ಕೂಡಬೇಕು.

ಬಾಲ್ ಸ್ಕ್ರೂ: ವ್ಯಾಸ, ಲೀಡ್ (ಒಂದು ಸುತ್ತಿಗೆ ನಟ್ ಎಷ್ಟು ಮುಂದೆ ಹೋಗತ್ತೆ ಅನ್ನೋದು), ನಟ್ ಒಂದಾ ಎರಡಾ, ತುದಿ ಮಷಿನಿಂಗ್ ಡ್ರಾಯಿಂಗ್ ಇಷ್ಟೂ ಬೇಕು. ದರ್ಜೆ ಗಮನಿಸಿ. ಸಿ3 ಅಂದ್ರೆ 300 ಎಂಎಂ ಉದ್ದಕ್ಕೆ 8 ಮೈಕ್ರಾನ್ ತಪ್ಪು, ಸಿ5 ಅಂದ್ರೆ 18 ಮೈಕ್ರಾನ್, ಸಿ7 ಅಂದ್ರೆ 50 ಮೈಕ್ರಾನ್. ಕಡಿಮೆ ರೇಟಿಗೆ ಸಿಗೋದು ಸಾಮಾನ್ಯವಾಗಿ ರೋಲ್ ಮಾಡಿ ತಯಾರಿಸಿದ ಸಿ7, ಅದು ರೌಟರ್‌ಗೆ, ಸಾಗಿಸೋ ಮಷಿನ್‌ಗೆ ಸರಿ. 20 ಮೈಕ್ರಾನ್ ಟಾಲರೆನ್ಸಲ್ಲಿ ಜಾಬ್ ಕೊಡೋರು ಅದನ್ನ ಹಾಕಿದ್ರೆ ಪಿಚ್ ಎರರ್ ಕಾಂಪನ್ಸೇಶನ್ (ಸ್ಕ್ರೂ ತಪ್ಪನ್ನ ಕಂಟ್ರೋಲಲ್ಲಿ ಸರಿದೂಗಿಸೋದು) ಎಷ್ಟು ಕೊಟ್ರೂ ತಲೆನೋವು ತಪ್ಪಲ್ಲ. ಹಳೇ ಸ್ಕ್ರೂ ತುಂಬಾ ಸವೆದಿಲ್ಲ ಅಂದ್ರೆ ರೀಗ್ರೈಂಡ್ ಮಾಡಿ ಸ್ವಲ್ಪ ದಪ್ಪ ಬಾಲ್ ಹಾಕಿ ಕೊಡೋರಿದ್ದಾರೆ, ಕೆಲಸ ಗೊತ್ತಿರೋರ ಹತ್ರ ಮಾಡಿಸಿದ್ರೆ ಒಳ್ಳೇ ದಾರಿ ಅದು. ನಟ್‌ನ ಸ್ಕ್ರೂವಿಂದ ನೀವೇ ತೆಗೆಯೋಕೆ ಹೋಗ್ಬೇಡಿ, ಬಾಲೆಲ್ಲಾ ನೆಲದ ಮೇಲೆ ಗೋಲಿ ಆಡ್ತವೆ.

ಇಲ್ಲೊಂದು ಎಚ್ಚರಿಕೆ. ಬ್ಯಾಕ್‌ಲ್ಯಾಶ್ (ಆಕ್ಸಿಸ್ ದಿಕ್ಕು ಬದಲಾಯಿಸಿದಾಗ ಕಾಣೋ ಆಟ) ಬಂದ ತಕ್ಷಣ ಪ್ಯಾರಾಮೀಟರ್ ತೆಗೆದು ಕಾಂಪನ್ಸೇಶನ್ ಹಾಕೋ ಅಭ್ಯಾಸ ಎಲ್ಲರಿಗೂ ಇದೆ (ಫನುಕ್ ಕಂಟ್ರೋಲಲ್ಲಿ ಪ್ಯಾರಾಮೀಟರ್ ನಂಬರ್ 1851). ಹತ್ತು ಹನ್ನೆರಡು ಮೈಕ್ರಾನ್ ಆದ್ರೆ ಸರಿ, ಅರವತ್ತು ಎಪ್ಪತ್ತು ಹಾಕಿ ಓಡಿಸ್ತಿದ್ದೀರ ಅಂದ್ರೆ ರೋಗ ಮುಚ್ಚಿಡ್ತಿದ್ದೀರ. ಎಷ್ಟೋ ಸಲ ಸ್ಕ್ರೂ ಚೆನ್ನಾಗೇ ಇರತ್ತೆ, ತುದಿ ಬೇರಿಂಗ್‌ನ ಲಾಕ್‌ನಟ್ ಲೂಸ್ ಆಗಿರತ್ತೆ ಅಥವಾ ಕಪ್ಲಿಂಗ್ ಜಾರ್ತಿರತ್ತೆ. ಸ್ಕ್ರೂ ತುದಿಯ ಸೆಂಟರ್ ಗುಳಿಯಲ್ಲಿ ಗ್ರೀಸ್ ಹಚ್ಚಿ ಒಂದು ಬಾಲ್ ಅಂಟಿಸಿ, ಅದರ ಮೇಲೆ ಡಯಲ್ ಇಟ್ಟು ಆಕ್ಸಿಸ್ ಹಿಂದೆ ಮುಂದೆ ಮಾಡಿ. ಸ್ಕ್ರೂನೇ ಉದ್ದಕ್ಕೆ ಅಲ್ಲಾಡಿದ್ರೆ ತಪ್ಪು ಬೇರಿಂಗ್ ಕಡೆದು. ಲಕ್ಷದ ಸ್ಕ್ರೂ ಆರ್ಡರ್ ಹಾಕೋ ಮುಂಚೆ ಈ ಐದು ನಿಮಿಷದ ಕೆಲಸ ಮಾಡಿ.

ಎಲ್‌ಎಂ ಗೈಡ್: ಒಂದು ಕಂಪನಿ ರೈಲ್ ಮೇಲೆ ಇನ್ನೊಂದು ಕಂಪನಿ ಬ್ಲಾಕ್ ಓಡಿಸೋಕಾಗಲ್ಲ, ಬೋಲ್ಟ್ ಹೋಲ್ ಒಂದೇ ಇದ್ರೂ ಬಾಲ್ ಓಡೋ ಗ್ರೂವ್ ಬೇರೆ ಇರತ್ತೆ. ಬ್ಲಾಕ್ ರೈಲ್ ಎರಡೂ ಸೇರಿಸಿ ಬದಲಾಯಿಸೋದಾದ್ರೆ ಬ್ರ್ಯಾಂಡ್ ಬದಲಾಯಿಸಬಹುದು, ಆದ್ರೆ ಎತ್ತರ, ಹೋಲ್ ಪಿಚ್, ಲ್ಯೂಬ್ ನಿಪ್ಪಲ್ ಬರೋ ಜಾಗ ಡ್ರಾಯಿಂಗಲ್ಲಿ ತಾಳೆ ನೋಡಿ. ಪ್ರೀಲೋಡ್ ದರ್ಜೆ ಕೇಳಿ ತಗೊಳ್ಳಿ. ಹೈವಿನ್‌ನಲ್ಲಿ ಝಡ್0, ಝಡ್‌ಎ, ಝಡ್‌ಬಿ ಅಂತ ಇರತ್ತೆ, ಝಡ್0 ಹಗುರ, ಝಡ್‌ಬಿ ಬಿಗಿ. ಟಿಎಚ್‌ಕೆಯಲ್ಲಿ ಸಿ1, ಸಿ0, ಇದ್ರಲ್ಲಿ ಸಿ0 ಜಾಸ್ತಿ ಬಿಗಿ. ಹೆವಿ ಕಟಿಂಗ್ ಮಾಡೋ ವಿಎಂಸಿಗೆ ಹಗುರ ಪ್ರೀಲೋಡ್ ಬ್ಲಾಕ್ ಹಾಕಿದ್ರೆ ಚಾಟರ್ (ಕಟಿಂಗ್ ಮಾಡುವಾಗ ನಡುಕ) ಬರತ್ತೆ, ಟೂಲ್‌ಗೆ ಬೈತಾ ಕೂರ್ತೀರ.

ಪುಲ್ ಸ್ಟಡ್: ಟೂಲ್ ಹೋಲ್ಡರ್ ತಲೆ ಮೇಲೆ ಇರೋ ಗುಬ್ಬಿ, ಸ್ಪಿಂಡಲ್ ಒಳಗಿನ ಗ್ರಿಪ್ಪರ್ ಹಿಡಿಯೋದು ಇದನ್ನೇ. ಬಿಟಿ 40 ಸೈಜಿನ ಟೂಲ್ ಹೋಲ್ಡರ್‌ಗೆ ಥ್ರೆಡ್ ಎಂ16 ಇರತ್ತೆ, ಆದ್ರೆ ತಲೆ ಕೋನ 45, 60, 90 ಡಿಗ್ರಿ ಅಂತ ಬೇರೆ ಬೇರೆ ಬರತ್ತೆ. ಥ್ರೆಡ್ ಕೂತ್ತು ಅಂತ ಹಾಕ್ಬೇಡಿ, ಕೋನ ತಪ್ಪಿದ್ರೆ ಗ್ರಿಪ್ಪರ್ ಅರ್ಧಂಬರ್ಧ ಹಿಡಿಯತ್ತೆ, ತಿರುಗೋ ಟೂಲ್ ಕಳಚಿ ಹಾರಬಹುದು. ಇದು ಬಾಳಿಕೆ ಮಾತಲ್ಲ, ಜೀವದ ಮಾತು. ಬಿರುಕು ಕಂಡ್ರೆ, ತಲೆ ಅಂಚು ಸವೆದಿದ್ರೆ ಆ ಕ್ಷಣಾನೇ ಬದಲಾಯಿಸಿ.

ಚಕ್ ಜಾ: ಚಕ್‌ನಲ್ಲಿ ಜಾಬ್ ಹಿಡಿಯೋ ದವಡೆ. ಹೈಡ್ರಾಲಿಕ್ ಚಕ್‌ನ ಹಲ್ಲು 1.5 ಎಂಎಂ ಪಿಚ್ 60 ಡಿಗ್ರಿ ಇರಬಹುದು, 1/16 ಇಂಚು 90 ಡಿಗ್ರಿ ಇರಬಹುದು. 1/16 ಇಂಚು ಅಂದ್ರೆ 1.5875 ಎಂಎಂ, ನೋಡೋಕೆ ಒಂದೇ ಥರ, ಕೂತಂಗೆ ಕಾಣತ್ತೆ, ನಿಜವಾಗ್ಲೂ ಒಂದೆರಡು ಹಲ್ಲಷ್ಟೇ ಕಚ್ಕೊಂಡಿರತ್ತೆ.

ಟೈಮಿಂಗ್ ಬೆಲ್ಟ್: 600-8ಎಂ-30 ಅಂದ್ರೆ ಉದ್ದ 600 ಎಂಎಂ, ಹಲ್ಲಿನ ಪಿಚ್ 8, ಅಗಲ 30. ಹಲ್ಲಿನ ಆಕಾರ ಕೂಡ ಪುಲ್ಲಿಗೆ ಹೊಂದಬೇಕು. ಹೊಸ ಬೆಲ್ಟ್ ಹಾಕಿದಾಗ ಪುಲ್ಲಿ ಹಲ್ಲು ನೋಡಿ, ಸವೆದ ಪುಲ್ಲಿ ಹೊಸ ಬೆಲ್ಟನ್ನ ಬೇಗ ತಿಂದು ಹಾಕತ್ತೆ. ಟೆನ್ಶನ್ ಜಾಸ್ತಿ ಕೊಟ್ರೆ ಬೆಲ್ಟಲ್ಲ, ಮೋಟರ್ ಬೇರಿಂಗ್ ಹೋಗತ್ತೆ.

ಸೆನ್ಸರ್, ಕೇಬಲ್: ಪ್ರಾಕ್ಸಿಮಿಟಿ ಸೆನ್ಸರ್ ತರುವಾಗ ಪಿಎನ್‌ಪಿನಾ ಎನ್‌ಪಿಎನ್‌ನಾ (ಔಟ್‌ಪುಟ್ ಪ್ಲಸ್ ಕೊಡತ್ತಾ ಮೈನಸ್ ಕೊಡತ್ತಾ), ನಾರ್ಮಲಿ ಓಪನ್ನಾ ಕ್ಲೋಸಾ, ಎಷ್ಟು ಎಂಎಂ ದೂರದಿಂದ ಹಿಡಿಯತ್ತೆ ಇಷ್ಟು ನೋಡಿ. ಬಾಳಿಕೆ ವಿಷಯ ಇರೋದು ಕೇಬಲ್‌ನಲ್ಲಿ. ಪಿವಿಸಿ ಕೇಬಲ್ ಕೂಲೆಂಟ್, ಆಯಿಲ್ ತಾಗಿ ತಾಗಿ ಕಟ್ಟಿಗೆ ಥರ ಗಟ್ಟಿಯಾಗಿ ಒಡೆಯತ್ತೆ, ಪಿಯುಆರ್ (ಪಾಲಿಯುರಿಥೇನ್) ಹೊದಿಕೆ ಇರೋದು ತಗೊಳ್ಳಿ. ಡ್ರ್ಯಾಗ್ ಚೈನ್ ಒಳಗೆ ಓಡಾಡೋ ಕೇಬಲ್ ಅಂತೂ ಬಾಗೋಕೆ ಅಂತಲೇ ಮಾಡಿರೋದೇ ಆಗಬೇಕು, ಮನೆ ವೈರಿಂಗ್ ಕೇಬಲ್ ಹಾಕಿದ್ರೆ ಒಳಗೊಳಗೇ ತುಂಡಾಗಿ ಒಂದ್ಸಲ ಬರೋ ಒಂದ್ಸಲ ಹೋಗೋ ಅಲಾರಂ ಕೊಡತ್ತೆ. ಅದನ್ನ ಹುಡುಕೋದು ನರಕ.

ಕಾಂಟಾಕ್ಟರ್ (ಮೋಟರ್‌ನಂಥ ಲೋಡ್‌ಗೆ ಕರೆಂಟ್ ಆನ್ ಆಫ್ ಮಾಡೋ ಸ್ವಿಚ್): ಆಂಪಿಯರ್ ಒಂದೇ ನೋಡ್ಬೇಡಿ. ಒಂದೇ ಕಾಂಟಾಕ್ಟರ್ ಮೇಲೆ ಎಸಿ-1 ಅಂತ (ಹೀಟರ್ ಥರದ ಲೋಡ್‌ಗೆ) ದೊಡ್ಡ ಅಂಕಿ, ಎಸಿ-3 ಅಂತ ಚಿಕ್ಕ ಅಂಕಿ ಇರತ್ತೆ. ಮೋಟರ್‌ಗೆ ಎಸಿ-3 ಅಂಕಿ ನೋಡಿ ತಗೋಬೇಕು. ಕಾಯಿಲ್ ವೋಲ್ಟೇಜ್ 24 ಡಿಸಿನಾ 110 ಎಸಿನಾ ಅನ್ನೋದೂ ಅಷ್ಟೇ ಮುಖ್ಯ.

ಬ್ಯಾಟರಿ: ಇದು ಪಾರ್ಟೇ ಅಲ್ಲ ಅನ್ನೋ ಥರ ನೋಡ್ತೀವಿ. ಎನ್‌ಕೋಡರ್ ಬ್ಯಾಟರಿ ಸತ್ರೆ ಆಕ್ಸಿಸ್ ಝೀರೋ ಹೋಗತ್ತೆ, ಫನುಕ್ ಕಂಟ್ರೋಲಲ್ಲಿ 300 ನಂಬರ್ ಅಲಾರಂ ಬಂದು ರೆಫರೆನ್ಸ್ ಮತ್ತೆ ಸೆಟ್ ಮಾಡ್ಬೇಕಾಗತ್ತೆ. ಈ ಬ್ಯಾಟರಿನ ಮಷಿನ್ ಆನ್ ಇಟ್ಟು, ಎಮರ್ಜೆನ್ಸಿ ಒತ್ತಿ ಬದಲಾಯಿಸಬೇಕು. ಕಂಟ್ರೋಲ್‌ನ ಮೆಮೊರಿ ಬ್ಯಾಟರಿ ಬೇರೆ, ಅದರ ಕ್ರಮ ಬೇರೆ, ಮ್ಯಾನ್ಯುಯಲ್ ನೋಡಿ. ಎರಡಕ್ಕೂ ಮುಂಚೆ ಪ್ಯಾರಾಮೀಟರ್ ಬ್ಯಾಕಪ್ ತೆಗೆದು ಇಡಿ.

5. ಡೂಪ್ಲಿಕೇಟ್ ಮಾಲು ಕಂಡುಹಿಡಿಯೋದು

ಹೆಸರಾಂತ ಕಂಪನಿಗಳ ನಕಲಿ ಬೇರಿಂಗ್ ಮಾರ್ಕೆಟಲ್ಲಿ ಇದೆ, ಡಬ್ಬಿ ನೋಡಿ ಗೊತ್ತಾಗೋ ಕಾಲ ಹೋಯ್ತು, ಪ್ರಿಂಟಿಂಗ್ ಅಷ್ಟು ಚೆನ್ನಾಗಿ ಮಾಡ್ತಾರೆ. ಹೊಳಪು, ತೂಕ, ಕೈಯಲ್ಲಿ ತಿರುಗಿಸಿದ್ರೆ ಬರೋ ಸದ್ದು ಅಂತೆಲ್ಲಾ ಹೇಳೋ ಟಿಪ್ಸ್ ನಂಬ್ಕೊಂಡು ಕೂರಬೇಡಿ. ಎಸ್‌ಕೆಎಫ್ ಅವರ ಆಥೆಂಟಿಕೇಟ್ ಆ್ಯಪ್ ಇದೆ, ಫೋಟೋ ತೆಗೆದು ಕಳಿಸಿದ್ರೆ ಅವರ ಕಡೆಯೋರು ನೋಡಿ ಹೇಳ್ತಾರೆ. ಷಫ್ಲರ್ ಅವರದು ಒರಿಜಿನ್‌ಚೆಕ್ ಅಂತ ಇದೆ, ಡಬ್ಬಿ ಮೇಲಿನ ಕೋಡ್ ಸ್ಕ್ಯಾನ್ ಮಾಡೋದು. ಕಂಪನಿ ವೆಬ್‌ಸೈಟಲ್ಲಿ ಅಧಿಕೃತ ಡೀಲರ್ ಪಟ್ಟಿ ಇರತ್ತೆ, ಸ್ಪಿಂಡಲ್ ಬೇರಿಂಗ್‌ಗಾದ್ರೂ ಆ ಪಟ್ಟಿ ಬಿಟ್ಟು ಹೊರಗೆ ಹೋಗ್ಬೇಡಿ. ಮೂರು ಕಡೆ ರೇಟ್ ಒಂದೇ ಥರ ಇದ್ದು ನಾಲ್ಕನೇ ಕಡೆ ಅರ್ಧ ರೇಟ್ ಅಂದ್ರೆ ಅದೇ ಉತ್ತರ.

ಜಿಎಸ್‌ಟಿ ಬಿಲ್‌ನಲ್ಲಿ ಬಾಲ ಸಮೇತ ಪೂರ್ತಿ ನಂಬರ್ ಬರೆಸಿ. "ಬೇರಿಂಗ್ 1 ಸೆಟ್" ಅಂತ ಬರೆದ ಬಿಲ್ ಇಟ್ಕೊಂಡು ವಾರಂಟಿ ಕೇಳೋಕಾಗಲ್ಲ.

ಡ್ರೈವ್, ಪಿಸಿಬಿ ರಿಪೇರಿ ಮಾಡಿದ್ದು ಅಥವಾ ಸೆಕೆಂಡ್ ಹ್ಯಾಂಡ್ ತಗೊಳ್ಳೋದು ತಪ್ಪಲ್ಲ, ಹಳೇ ಕಂಟ್ರೋಲ್‌ಗೆ ಹೊಸದು ಸಿಗೋದೂ ಕಷ್ಟ. ಆದ್ರೆ ನಿಮ್ಮ ಮುಂದೆ ಲೋಡ್ ಮೇಲೆ ಓಡಿಸಿ ತೋರಿಸ್ಲಿ. ಬರೀ ಲೈಟ್ ಹತ್ತಿದ್ದು ತೋರಿಸಿದ್ರೆ ಸಾಲದು.

6. ಕೂರಿಸೋದು

ಒಳ್ಳೇ ಪಾರ್ಟ್ ಕೂಡ ಕೂರಿಸೋ ದಿನವೇ ಸಾಯಬಹುದು. ಬೇರಿಂಗ್‌ನ ಪ್ಯಾಕೆಟ್ ಕೂರಿಸೋ ಕ್ಷಣದವರೆಗೆ ಒಡೀಬೇಡಿ. ಬಿಸಿ ಮಾಡಿ ಕೂರಿಸೋದಾದ್ರೆ ಇಂಡಕ್ಷನ್ ಹೀಟರ್ ಬಳಸಿ, 110 ಡಿಗ್ರಿ ದಾಟಿಸ್ಬೇಡಿ, ಗ್ಯಾಸ್ ಟಾರ್ಚ್ ಬೇಡವೇ ಬೇಡ. ಗ್ರೀಸ್ ಜಾಸ್ತಿ ತುಂಬಿದ್ರೆ ಒಳ್ಳೇದು ಅನ್ನೋದು ತಪ್ಪು. ವೇಗದ ಸ್ಪಿಂಡಲ್‌ಗೆ ಬೇರಿಂಗ್ ಒಳಗಿನ ಖಾಲಿ ಜಾಗದ ಸುಮಾರು 15 ಪರ್ಸೆಂಟ್ ಸಾಕು, ಪೂರ್ತಿ ತುಂಬಿದ್ರೆ ಅದೇ ಬಿಸಿ ಆಗತ್ತೆ. ಕೂರಿಸಿದ ತಕ್ಷಣ ಫುಲ್ ಸ್ಪೀಡ್ ಕೊಡ್ಬೇಡಿ. ಕಡಿಮೆ ಆರ್‌ಪಿಎಂನಿಂದ ಹಂತ ಹಂತವಾಗಿ ಏರಿಸ್ತಾ, ಪ್ರತಿ ಹಂತದಲ್ಲೂ ಬಿಸಿ ಒಂದು ಕಡೆ ನಿಲ್ಲೋವರೆಗೆ ಕಾದು ಮುಂದೆ ಹೋಗಿ, ಅರ್ಧ ದಿನ ಹಿಡೀಲಿ ಪರವಾಗಿಲ್ಲ.

ಆಮೇಲೆ ಟೆಸ್ಟ್ ಬಾರ್ ಹಾಕಿ ಮೂಗಿನ ಹತ್ರ ಒಂದ್ಸಲ, 300 ಎಂಎಂ ಕೆಳಗೆ ಒಂದ್ಸಲ ರನ್‌ಔಟ್ (ತಿರುಗುವಾಗ ಎಷ್ಟು ಅತ್ತಿತ್ತ ಆಡತ್ತೆ ಅನ್ನೋದು) ನೋಡಿ ಬರೆದಿಡಿ. ಸ್ಕ್ರೂ, ಗೈಡ್ ಬದಲಾಯಿಸಿದ್ರೆ ಲೇಸರ್ ಅಥವಾ ಬಾಲ್‌ಬಾರ್ ಟೆಸ್ಟ್ ಮಾಡಿಸಿ, ಬಾಡಿಗೆಗೆ ಮಾಡ್ಕೊಡೋರು ಬೆಂಗಳೂರಲ್ಲಿ ಸಾಕಷ್ಟು ಜನ ಇದ್ದಾರೆ. ನಿಮ್ಮ ಟೆಸ್ಟ್ ಬಾರ್, ಡಯಲ್‌ಗಳನ್ನೂ ಆಗಾಗ ಕ್ಯಾಲಿಬ್ರೇಶನ್‌ಗೆ ಕಳಿಸಿ, ಅವೇ ತಪ್ಪು ತೋರಿಸಿದ್ರೆ ಮಾಡಿದ ಅಳತೆಯೆಲ್ಲಾ ವ್ಯರ್ಥ.

7. ಕೂರಿಸಿದ ಮೇಲೆ

ಲ್ಯೂಬ್ ಟ್ಯಾಂಕಲ್ಲಿ ಸ್ಲೈಡ್‌ವೇ ಆಯಿಲ್ ಇರಲಿ, ಬಹಳಷ್ಟು ಮಷಿನ್‌ಗೆ 68 ಗ್ರೇಡ್. ಹೈಡ್ರಾಲಿಕ್ ಆಯಿಲ್ ಉಳಿದಿದೆ ಅಂತ ಸುರೀಬೇಡಿ. ಟ್ಯಾಂಕಲ್ಲಿ ಆಯಿಲ್ ಇಳಿಯದೆ ಹಾಗೇ ಇದ್ರೆ ಖುಷಿ ಪಡಬೇಡಿ, ಪಂಪ್ ಓಡ್ತಿಲ್ಲ ಅಥವಾ ಲೈನ್ ಬ್ಲಾಕ್ ಆಗಿದೆ. ಪ್ರತಿ ಪಾಯಿಂಟಿನ ಪೈಪ್ ಬಿಚ್ಚಿ ಹನಿ ಬರ್ತಿದ್ಯಾ ನೋಡಿ, ಡಿಸ್ಟ್ರಿಬ್ಯೂಟರಲ್ಲಿ (ಒಂದೊಂದು ಪಾಯಿಂಟಿಗೂ ಅಳೆದು ಆಯಿಲ್ ಬಿಡೋ ಚಿಕ್ಕ ಬ್ಲಾಕ್) ಒಂದು ಹೋದ್ರೆ ಆ ಒಂದು ಗೈಡ್ ಮಾತ್ರ ಒಣಗಿ ಸಾಯತ್ತೆ, ಅಲಾರಂ ಏನೂ ಬರಲ್ಲ.

ಒಂದು ನೋಟ್‌ಬುಕ್ ಮಾಡಿ: ತಾರೀಖು, ಮಷಿನ್ ಓಡಿದ ಗಂಟೆ, ಪಾರ್ಟ್‌ನ ಪೂರ್ತಿ ನಂಬರ್, ಎಲ್ಲಿ ತಗೊಂಡಿದ್ದು, ಹಳೇದು ಯಾಕೆ ಹೋಗಿತ್ತು. ವರ್ಷಗಳ ಲೆಕ್ಕ ಬೇಡ, ಗಂಟೆಗಳ ಲೆಕ್ಕ ಇಡಿ. ಒಂದು ಶಿಫ್ಟ್ ಓಡೋ ಮಷಿನ್‌ನ ಎರಡು ವರ್ಷ, ಮೂರು ಶಿಫ್ಟ್ ಓಡೋ ಮಷಿನ್‌ಗೆ ಎಂಟೇ ತಿಂಗಳು.

ಸ್ಟಾಕ್ ಇಡೋದು ಅಂದ್ರೆ ಬ್ಯಾಟರಿ, ವೈಪರ್, ಒಂದು ಬೆಲ್ಟ್, ಎರಡು ಸೆನ್ಸರ್, ಡ್ರೈವ್ ಫ್ಯಾನ್, ಸ್ಕ್ರೂ ತುದಿ ಬೇರಿಂಗ್ ಒಂದು ಸೆಟ್, ಸಣ್ಣ ಶಾಪ್‌ಗೆ ಇಷ್ಟು ಸಾಕು. ಬೇರಿಂಗ್ ಡಬ್ಬಿಗಳನ್ನ ಮಲಗಿಸಿ ಇಡಿ, ಒದ್ದೆ ಗೋಡೆ ಪಕ್ಕ ಬೇಡ. ಕಂಪ್ರೆಸರ್, ಪವರ್ ಪ್ರೆಸ್ ಅಲುಗಾಡ್ತಾ ಇರೋ ಕಡೆ ರ್‍ಯಾಕ್ ಇಡಬೇಡಿ, ಆ ನಡುಕಕ್ಕೆ ಡಬ್ಬಿಯೊಳಗೇ ಬಾಲ್ ಗುರುತು ಬಿದ್ದು, ಒಂದು ಸುತ್ತೂ ತಿರುಗದ ಹೊಸ ಬೇರಿಂಗ್ ಮೊದಲ ದಿನದಿಂದಲೇ ಸೌಂಡ್ ಮಾಡತ್ತೆ.